ನಡುವಿನ ಪದರ

ಅಣ್ಣಾ,

ನಿನ್ನ ಕಾಗದ ಮಂಗಳವಾರ ಬಂತು. ಮನೆಗಲ್ಲ, ನಾನು ಕೆಲಸ ಮಾಡುವ ಕಡೆಗೆ. ನನ್ನ ಈಗಿನ ಮನೆಯ ವಿಳಾಸ ನಿನ್ನ ಹತ್ತಿರ ಇಲ್ಲ ಎನ್ನುವುದು ಲಕೋಟೆ ನೋಡಿದ ಮೇಲೇ ನೆನಪಾಯಿತು. ನಾಲ್ಕು ವರ್ಷಕ್ಕೆ ನಾಲ್ಕು ಸಾಲು ಬರೆದಿದ್ದೀಯ, ವರ್ಷಕ್ಕೊಂದರಂತೆ. ಹಳೆಯದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಡ ಎಂದು ಮೊದಲ ಸಾಲು. ಹಿಟ್ಟಿನ ಗಿರಣಿ, ಮರ ಕೊಯ್ಯುವ ಕಾರ್ಖಾನೆಗಳ ಕೆಲಸಗಾರರಿಗೆ ದೂಳಿನ ಮಾಸ್ಕ್ ಮಾಡಲು ಶುರುಮಾಡಿದ್ದೇನೆ ಎಂದು ಎರಡನೆಯದು. ಅದೇ ದಾಳಿಂಬೆ ಸಿಪ್ಪೆಯ ಬಟ್ಟೆ ಎಂದು ಮೂರನೆಯದು. ನಿನ್ನ ಸಹಿ ಇದ್ದರೆ ಜನ ನಂಬುತ್ತಾರೆ ಎಂದು ನಾಲ್ಕನೆಯದು. ಹಿಂದೆ ಪಿನ್ನು ಚುಚ್ಚಿದ ಪರೀಕ್ಷಾ ವರದಿಯ ಫಾರಂ. ನಾನು ಎಲ್ಲಿ ಸಹಿ ಹಾಕಬೇಕೆಂದು ತಿಳಿಯದೆ ಹೋದೀತೆಂದು ಪೆನ್ಸಿಲ್ಲಿನಲ್ಲಿ ಒಂದು ಗುರುತು ಬೇರೆ.

ಪರೀಕ್ಷೆಯ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಹೊಸದಾಗಿ ಸೇರಿರುವ ಸಹಾಯಕಿ ನನ್ನ ಮುಖ ನೋಡಿ, "ಮೇಡಂ, ಕೆಟ್ಟ ಸುದ್ದೀನಾ?" ಎಂದಳು. "ಇಲ್ಲಮ್ಮ, ನಮ್ಮಣ್ಣಂದು" ಎಂದೆ. ಎರಡೂ ಒಂದೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನೀನು ನನ್ನ ಕ್ಷೇಮ ಕೇಳಿಲ್ಲ, ನಾನೂ ಕೇಳುವುದಿಲ್ಲ. ಆದರೆ ಫಾರಂ ಕಳಿಸಿದ ಮೇಲೆ ಉತ್ತರ ಕೊಡಬೇಕು. ಮರೆ ಎಂದೆಯಲ್ಲ, ಆ ಹಳೆಯದು ಏನೇನು ಎಂದು ನಿನ್ನ ಕಣ್ಣ ಮುಂದೆ ಒಮ್ಮೆ ಹರಡಿಬಿಡುತ್ತೇನೆ. ಮುಕ್ಕಾಲು ಪಾಲು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದೂ ಒಂದಿದೆ. ಅದನ್ನು ಹೇಳಲು ನನಗೂ ನಾಲ್ಕು ವರ್ಷ ಹಿಡಿಯಿತು.

ಅಮ್ಮ ಹೋದಾಗ ನಿನಗೆ ಒಂಬತ್ತು, ನನಗೆ ಏಳು. ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದ ಅಪ್ಪ, ಕೆಲಸ ಸಿಕ್ಕಿತೋ ಇಲ್ಲವೋ ಎಂದು ಹೇಳುವುದಕ್ಕೂ ತಿರುಗಿ ಬರಲಿಲ್ಲ. ಆಸ್ಪತ್ರೆಯ ಹಿಂದಿನ ಸಾಲುಮನೆಯ ಎರಡು ಕೋಣೆಗಳಲ್ಲಿ ಚಿಕ್ಕಮ್ಮ ನಮ್ಮನ್ನು ಸಾಕಿದಳು. ಅವಳಿಗೆ ಆಗ ಇಪ್ಪತ್ತನಾಲ್ಕು. ಮದುವೆಯ ಮಾತು ತಂದವರಿಗೆಲ್ಲ, "ನಂಗಾಗ್ಲೇ ಎರಡು ಮಕ್ಕಳಿವೆ, ಹೆರೋ ಕಷ್ಟಾನೂ ತಪ್ತು" ಎಂದು ನಕ್ಕು ಸಾಗಹಾಕಿದಳು. ವಾರ್ಡಿನಲ್ಲಿ ಆಯಾ ಕೆಲಸ. ಪರರ ಹಾಸಿಗೆ ಒಗೆದು, ಪರರ ಮಲ ಎತ್ತಿ, ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡ ಮೇಲೇ ನಮ್ಮನ್ನು ಮುಟ್ಟುತ್ತಿದ್ದಳು. ಎಷ್ಟು ತೊಳೆದರೂ ಫಿನಾಯಿಲ್ ವಾಸನೆ ಮಾತ್ರ ಹೋಗುತ್ತಿರಲಿಲ್ಲ. ನಾನು ಆ ವಾಸನೆ ಹಿಡಿದೇ ಅವಳು ಗಲ್ಲಿಯ ತಿರುವಿಗೆ ಬಂದಳೆಂದು ಹೇಳುತ್ತಿದ್ದೆ. ಎಲ್ಲವನ್ನೂ ಮೂಸಿ ನೋಡುವ ನನಗೆ ನೀನು 'ಮೂಗಿ' ಎಂದು ಹೆಸರಿಟ್ಟೆ. ಪಕ್ಕದ ಮನೆಯಾಕೆ ಅದನ್ನು ಕೇಳಿ, "ಅಯ್ಯೋ ಪಾಪ, ಮಗೂಗೆ ಮಾತು ಬರಲ್ವಾ?" ಎಂದಾಗ ಚಿಕ್ಕಮ್ಮ, "ಮಾತಿನ ಮೂಗಿ ಅಲ್ಲ ಕಣ್ರೀ, ಮೂಗಿನ ಮೂಗಿ" ಎಂದಿದ್ದಳು. ಆ ಮೂಗೂ ಈ ಬೆರಳೂ ಸೇರಿ ಬಟ್ಟೆ ಪರೀಕ್ಷಾ ಕೇಂದ್ರದಲ್ಲಿ ನನಗೊಂದು ಕೆಲಸ ಕೊಡಿಸಿದವು. ನೀನು ಹೊಲಿಗೆ ಕಲಿತೆ. ಒಂದು ಯಂತ್ರ ಹನ್ನೊಂದಾಯಿತು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಾಯಿತು.

ಆ ವರ್ಷ ರೋಗ ಬಂತು. ಶಾಲೆಗಳು ಮುಚ್ಚಿದವು. ನಿನ್ನ ಹನ್ನೊಂದು ಯಂತ್ರಗಳೂ ಹೊದಿಕೆ ಹೊದ್ದು ಮಲಗಿದವು. ನೀನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅತ್ತ ಚಿಕ್ಕಮ್ಮನಿಗೆ ರಜೆಯೇ ಇಲ್ಲ. ಹನ್ನೆರಡು ಗಂಟೆ ಮಾಸ್ಕ್ ಕಟ್ಟಿಕೊಂಡು ಓಡಾಡಿ ಬಂದವಳು ಅದನ್ನು ಬಿಚ್ಚಿದರೆ ಎರಡೂ ಕೆನ್ನೆಯ ಮೇಲೆ ಕೆಂಪು ಗುಳ್ಳೆಗಳು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಬೆವರಿಗೆ ನಾರುತ್ತಿತ್ತಂತೆ. "ರೋಗಕ್ಕೆ ನಾನು ಹೆದರಲ್ಲ, ನನ್ನ ಬಾಯಿ ವಾಸನೆ ನಾನೇ ಹನ್ನೆರಡು ಗಂಟೆ ಕುಡೀಬೇಕಲ್ಲ, ಅದಕ್ಕೆ ಹೆದರ್ತೀನಿ" ಎಂದು ನಗಿಸಿದಳು. ನಾವಿಬ್ಬರೂ ನಕ್ಕೆವು. ಆಮೇಲೆ ನಾನು ಅವಳ ಕೆನ್ನೆಗೆ ಲೋಳೆಸರ ಹಚ್ಚುವಾಗ, ಇದನ್ನು ಕೆನ್ನೆಗೆ ಹಚ್ಚುವ ಬದಲು ಬಟ್ಟೆಗೇ ಹಚ್ಚಿದರೆ ಹೇಗೆ ಎಂದು ನನಗೆ ಹೊಳೆಯಿತು. ಎಲ್ಲ ಶುರುವಾದದ್ದು ಅವಳ ಕೆನ್ನೆಯಿಂದ. ಇದನ್ನು ನೀನು ನಿನ್ನ ಹೊಸ ಡಬ್ಬಿಯ ಮೇಲೆ ಅಚ್ಚು ಹಾಕಿಸುವುದಿಲ್ಲ ಎಂದುಕೊಂಡಿದ್ದೇನೆ.

ಮೊದಲು ಬೇವಿನ ಎಲೆ ಕುದಿಸಿ ಬಟ್ಟೆ ಅದ್ದಿದೆವು, ನೆನಪಿದೆಯೇ? ಚಿಕ್ಕಮ್ಮ ಒಂದು ಪಾಳಿ ಕಟ್ಟಿಕೊಂಡು ಹೋಗಿ ಬಂದು, "ರೋಗಿಗಳಿಗಿಂತ ಮೊದಲು ನಾನೇ ವಾಂತಿ ಮಾಡ್ಕೋತಿದ್ದೆ" ಎಂದು ನಿನ್ನ ಮೇಲೆಸೆದಳು. ಅರಿಸಿನದಲ್ಲಿ ಅದ್ದಿದ್ದು ಬೆವರಿಗೆ ಬಣ್ಣ ಬಿಟ್ಟು, ದೊಡ್ಡ ಡಾಕ್ಟರು ಅವಳಿಗೆ ಕಾಮಾಲೆ ಎಂದುಕೊಂಡು ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಮೂರನೆಯ ಸಲ, ಔಷಧಿ ಬಟ್ಟೆಗೆ ಅಂಟಿಕೊಳ್ಳಲೆಂದು ನಾನು ಹಾಕಿದ ಗೋಂದು ಹೆಚ್ಚಾಗಿ, ಬಟ್ಟೆಯ ಕಣ್ಣೆಲ್ಲ ಮುಚ್ಚಿ ಉಸಿರೇ ಆಡದಂತಾಯಿತು. ಕೊನೆಗೆ ನಿನ್ನ ಕಾರ್ಖಾನೆಯ ಪಕ್ಕದ ಹಣ್ಣಿನ ರಸದ ಅಂಗಡಿಯವನು ಚೀಲಗಟ್ಟಲೆ ಬಿಸಾಡುತ್ತಿದ್ದ ದಾಳಿಂಬೆ ಸಿಪ್ಪೆಯ ಮೇಲೆ ನನ್ನ ಕಣ್ಣು ಬಿತ್ತು. ಒಣಗಿಸಿ, ಪುಡಿಮಾಡಿ, ಕುದಿಸಿ, ಸೋಸಿ. ಬಟ್ಟೆಯ ಗಂಜಿಯೆಲ್ಲ ಹೋಗುವಂತೆ ಸೋಡಾ ಹಾಕಿ ಮೊದಲು ಒಗೆದು, ಸತ್ವ ಕಚ್ಚಿಕೊಳ್ಳಲಿ ಎಂದು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಸಿಪ್ಪೆಯ ಕಷಾಯದಲ್ಲಿ ಒಂದು ಗಂಟೆ. ಹಿಂಡಿ, ನೆರಳಲ್ಲಿ ಒಣಗಿಸಿ, ಒಳಮೈಗೆ ತೆಳ್ಳಗೆ ಲೋಳೆಸರ ಸವರಿ, ಇಸ್ತ್ರಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸೂಕ್ಷ್ಮಾಣುಗಳ ನಡುವೆ ನಾಣ್ಯದಗಲದ ಆ ಬಟ್ಟೆಯ ತುಂಡಿಟ್ಟು ಮರುದಿನ ನೋಡಿದರೆ, ಸುತ್ತಲೂ ಬೆಳೆದಿದ್ದ ಮಬ್ಬು ತುಂಡಿನ ಹತ್ತಿರ ಬರಲಾರದೆ ಒಂದು ತಿಳಿ ಉಂಗುರ ಬಿಟ್ಟಿತ್ತು. ಹತ್ತು ಸಲ ಒಗೆದ ಮೇಲೂ ಉಂಗುರ ಉಳಿದಿತ್ತು. ಇಪ್ಪತ್ತಕ್ಕೆ ತೆಳುವಾಯಿತು.

ಚಿಕ್ಕಮ್ಮ ಒಂದು ವಾರ ಕಟ್ಟಿಕೊಂಡಳು. ನಾತ ಹೋಯಿತು, ಗುಳ್ಳೆ ಇಳಿಯಿತು. ನಿನ್ನ ಮುಖದ ಮೇಲೆ ಎಷ್ಟೋ ತಿಂಗಳ ನಂತರ ನಾನು ಕಳೆ ಕಂಡೆ. ನಾವು ಮೂವರೂ ಚಿಕ್ಕಮ್ಮನ ಆ ಪುಟ್ಟ ಅಡುಗೆಕೋಣೆಯಲ್ಲಿ ಕೈಯೆಲ್ಲ ಕಂದು ಬಣ್ಣ ಮಾಡಿಕೊಂಡು ನಿಂತಿದ್ದ ಆ ದಿನದಷ್ಟು ಸಂತೋಷದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಆ ದಿನವೇ ನಾನು ನಿನಗೆ ಒಂದು ಮಾತು ಹೇಳಿದ್ದೆ. ಹೇಳಲಿಲ್ಲ ಎನ್ನಬೇಡ. "ಅಣ್ಣಾ, ಸಿಪ್ಪೆ ಬಟ್ಟೇನ ಕೆಡದ ಹಾಗೆ ನೋಡ್ಕೊಳ್ಳುತ್ತೆ, ಚರ್ಮಕ್ಕೆ ಹಿತವಾಗಿರುತ್ತೆ, ಅಷ್ಟೆ. ರೋಗ ತಡೆಯೋದು ಸಿಪ್ಪೆಯಲ್ಲ, ಪದರ. ಮೂರು ಪದರ ಇರಲೇಬೇಕು" ಎಂದಿದ್ದೆ. ಹೊರಗೆ ಒತ್ತಾಗಿ ನೇಯ್ದ ಬಟ್ಟೆ, ಒಳಗೆ ಮೆತ್ತನೆಯದು, ನಡುವೆ ಕಾಗದದಂತಿರುವ ಆ ಬಿಳಿಯ ಬಟ್ಟೆ. ಸಣ್ಣ ಸಣ್ಣ ಹನಿಗಳನ್ನು ಹಿಡಿದಿಡುವುದು ನಡುವಿನ ಅದೇ. ನೀನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಗೋಡೆಯ ಮೇಲೆ 'ಮೂರು' ಎಂದು ಬರೆದುಕೊಂಡೆ. ಮೂರು ಪದರದ ತುಂಡನ್ನೇ ನಾನು ಯಂತ್ರಕ್ಕಿಟ್ಟು ಅಳೆದೆ. ಅದಕ್ಕೇ ವರದಿ ಬರೆದೆ, ಅದಕ್ಕೇ ಸಹಿ ಹಾಕಿದೆ.

ಮೊದಲ ಡಬ್ಬಿಯನ್ನು ನೀನು ಚಿಕ್ಕಮ್ಮನಿಗೇ ಕೊಟ್ಟೆ. ಮೇಲೆ ಎಲೆಯ ಚಿತ್ರ, 'ಪ್ರಕೃತಿಯೇ ನಿಮ್ಮ ಕಾವಲು' ಎಂಬ ಸಾಲು, ಕೆಳಗೆ 'ಮೂರು ಪದರ' ಎಂದು, ನನ್ನ ವರದಿಯ ಸಂಖ್ಯೆ, ನನ್ನ ಸಹಿ. ಆ ಕಾವಲಿನ ಸಾಲು ಓದಿ ನಾನು ಮೂಗು ಮುರಿದೆ. "ಮಾರೋಕೆ ಅಷ್ಟೂ ಬರೀಬಾರ್ದೇನೆ? ನಿನ್ನ ವರದಿ ಹಂಗಂಗೇ ಅಚ್ಚು ಹಾಕಿದ್ರೆ ಓದೋರು ಡಬ್ಬಿ ಮೇಲೇ ನಿದ್ದೆ ಮಾಡ್ತಾರೆ" ಎಂದೆ ನೀನು. ಚಿಕ್ಕಮ್ಮ ಆ ಡಬ್ಬಿ ಎದೆಗವಚಿಕೊಂಡು ವಾರ್ಡಿಗೆ ಹೋದಳು. ಆಸ್ಪತ್ರೆಯವರು ಕೊಡುತ್ತಿದ್ದ ಮಾಸ್ಕ್ ಪಕ್ಕಕ್ಕಿಟ್ಟಳು. "ನಮ್ಮ ಹುಡುಗ ಹೊಲಿದಿದ್ದು, ನಮ್ಮ ಹುಡುಗಿ ಪರೀಕ್ಷೆ ಮಾಡಿದ್ದು" ಎಂದು ಕಂಡಕಂಡವರಿಗೆಲ್ಲ ಹೇಳಿ, ಜೊತೆಯ ಆಯಾಗಳಿಗೆಲ್ಲ ಹಂಚಿದಳು. ಅವಳ ಜೀವದ ಗೆಳತಿ ಗುಂಡಕ್ಕನಿಗೆ ಏಳು, ದಿನಕ್ಕೊಂದರಂತೆ.

ಎರಡನೆಯ ತಿಂಗಳು ಆ ಬಿಳಿಯ ಬಟ್ಟೆ ಬರುವುದು ನಿಂತಿತು. ದಾರಿಗಳು ಮುಚ್ಚಿದ್ದವು, ಲಾರಿಗಳು ನಿಂತಲ್ಲೇ ನಿಂತಿದ್ದವು. ನಿನ್ನ ಹತ್ತಿರ ಒಪ್ಪಿಕೊಂಡ ಆರ್ಡರುಗಳಿದ್ದವು, ಹೊಸದಾಗಿ ಸೇರಿಸಿಕೊಂಡ ಟೇಲರುಗಳಿದ್ದರು. ಇದು ನಿನ್ನ ಬಾಯಿಂದಲೇ ಆಮೇಲೆ ಗೊತ್ತಾದದ್ದು. ಮೂರು ವಾರದ ಮಟ್ಟಿಗೆ ಎರಡೇ ಪದರದಲ್ಲಿ ಹೊಲಿಯೋಣ ಎಂದೆಯಂತೆ. ಹಿರಿಯ ಟೇಲರು, "ಧಣಿ, ಡಬ್ಬಿ ಮೇಲೆ ಮೂರು ಅಂತಿದೆ" ಎಂದರಂತೆ. "ಔಷಧಿ ಹಾಕಿದೆಯಲ್ಲಪ್ಪಾ, ಅದೇ ಕಾಯುತ್ತೆ" ಎಂದೆಯಂತೆ. ನೀನೇ ಬರೆಸಿದ ಸಾಲನ್ನು ನೀನೇ ನಂಬಿಕೊಂಡೆಯೋ, ನಂಬಿದಂತೆ ನಟಿಸಿದೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಮೂರು ವಾರ ಕಳೆಯಿತು. ದಾರಿ ತೆರೆಯಿತು. ಎರಡು ಪದರದ್ದು ಉಸಿರಾಡಲು ಸುಲಭ ಎಂದು ಜನ ಹೊಗಳುತ್ತಿದ್ದರು. ಒಬ್ಬರೂ ತಕರಾರು ಮಾಡಲಿಲ್ಲ. ನಡುವಿನ ಪದರ ಮತ್ತೆ ಬರಲೇ ಇಲ್ಲ.

ಚಿಕ್ಕಮ್ಮನಿಗೆ ಜ್ವರ ಬಂದದ್ದು ಒಂದು ಸೋಮವಾರ. ಗುರುವಾರ ಅವಳನ್ನು ಅವಳದೇ ವಾರ್ಡಿನಲ್ಲಿ ಮಲಗಿಸಿದರು. ತಾನು ಮೂವತ್ತು ವರ್ಷ ಹಾಸಿದ ಮಂಚದ ಮೇಲೆ. ನಾವಿಬ್ಬರೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ಒಳಗೆ ಬಿಡಲಿಲ್ಲ. ನರ್ಸು ಅವಳ ಫೋನಿನಿಂದ ಮಾಡಿಕೊಟ್ಟಾಗ ಅವಳು ಆಡಿದ ಕೊನೆಯ ಮಾತು ನಿನಗೂ ಕೇಳಿಸಿತ್ತು. "ನನ್ನ ಮಾಸ್ಕೆಲ್ಲ ತಲೆದಿಂಬಿನ ಕೆಳಗಿವೆ, ಯಾರೂ ಬಿಸಾಡ್ದೇ ಇರ್ಲಿ, ಒಗೆದ್ರೆ ಬರುತ್ವೆ." ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಹೋದಳು. ನೀನು ಗೇಟಿನ ಕಂಬಿ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತೆ. ನಾನು ನಿನ್ನ ಬೆನ್ನು ಸವರಿದೆ. ಆಗ ನನಗೆ ನಿನ್ನ ಮೇಲೆ ಎಳ್ಳಷ್ಟೂ ಕೋಪವಿರಲಿಲ್ಲ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ, ಯಾಕೆಂದರೆ ಅದೂ ನಿಜ.

ಅವಳ ಸಾಮಾನನ್ನು ಒಂದು ಚೀಲದಲ್ಲಿ ಕೊಟ್ಟರು. ಕನ್ನಡಕ, ಬಾಚಣಿಗೆ, ಎರಡು ಜೊತೆ ಬಟ್ಟೆ, ಏಳು ಮಾಸ್ಕ್. ಒಗೆದು ಒಣಹಾಕುವಾಗ ಒಂದರ ಅಂಚು ನನ್ನ ಬೆರಳ ನಡುವೆ ಸಿಕ್ಕಿತು. ಕತ್ತರಿ ತಂದು ಹೊಲಿಗೆ ಬಿಚ್ಚಿದೆ. ಎರಡು ಪದರ. ಇನ್ನೊಂದು ಬಿಚ್ಚಿದೆ. ಎರಡು. ಏಳನ್ನೂ ಬಿಚ್ಚಿದೆ. ಒಂದರಲ್ಲಿ ಮಾತ್ರ, ಮೊದಲ ಡಬ್ಬಿಯದಿರಬೇಕು, ಒಗೆದು ಒಗೆದು ಬಣ್ಣಗೆಟ್ಟದ್ದರಲ್ಲಿ, ನಡುವೆ ಆ ಬಿಳಿಯದು ಇತ್ತು.

ಆ ಹದಿನಾಲ್ಕು ತುಂಡುಗಳನ್ನೂ ಆ ಬಿಳಿಯದನ್ನೂ ಹಿಡಿದುಕೊಂಡು ನಿನ್ನ ಕಾರ್ಖಾನೆಗೆ ಬಂದೆ. ಯಂತ್ರಗಳ ಸದ್ದಿನ ನಡುವೆ ಅವನ್ನು ನಿನ್ನ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ನೀನು ನೋಡಿದೆ. ಗೋಡೆಯ ಕಡೆಗೆ ತಿರುಗಿ ನಿಂತೆ. ಆಮೇಲೆ, "ಅವಳು ಆಸ್ಪತ್ರೇಲಿ ಕೆಲಸ ಮಾಡ್ತಿದ್ದೋಳು ಕಣೇ. ಎಲ್ಲಿಂದ ಬಂತು, ಯಾರಿಂದ ಬಂತು ಅಂತ ಯಾರು ಹೇಳ್ತಾರೆ? ನೀನು ಹೇಳ್ತೀಯಾ? ಇಡು ನಿನ್ನ ಯಂತ್ರಕ್ಕೆ, ಅಳೆದು ಹೇಳು ನೋಡೋಣ" ಎಂದೆ.

ಅಣ್ಣಾ, ಮೂರು ಪದರವಿದ್ದಿದ್ದರೂ ಅವಳು ಹೋಗುತ್ತಿದ್ದಳೇನೋ. ಎರಡಿದ್ದರೂ ಉಳಿಯುತ್ತಿದ್ದಳೇನೋ. ಊಟಕ್ಕೆ ಕೂತಾಗ ಮಾಸ್ಕ್ ತೆಗೆದ ಹತ್ತು ನಿಮಿಷದಲ್ಲಿ ಬಂತೇನೋ. ಅಳೆಯುವುದೇ ನನ್ನ ಕಸುಬು, ಆದರೆ ಇದನ್ನು ಅಳೆಯುವ ಯಂತ್ರ ಎಲ್ಲೂ ಇಲ್ಲ. ನೀನು ಆ ದಿನ ಹುಡುಕಿಕೊಂಡ ಬಿಲ ಅದು. ನಾಲ್ಕು ವರ್ಷದಿಂದ ಅಲ್ಲೇ ಅಡಗಿ ಕೂತಿದ್ದೀಯ. ಒಳಗೆ ಬೆಚ್ಚಗಿದ್ದೀತು.

ನಾನು ತಪಾಸಣೆಯ ಕಚೇರಿಗೆ ಬರೆದೆ. ಅವರು ಬಂದರು, ಡಬ್ಬಿಗಳನ್ನು ಹೊತ್ತೊಯ್ದರು, ಬಾಗಿಲಿಗೆ ಅರಗಿನ ಮುದ್ರೆ ಒತ್ತಿದರು. ಅತ್ತಿಗೆ ಫೋನಿನಲ್ಲಿ, "ಒಂದೇ ಹಾಲು ಕುಡಿದೋರು ನೀವು, ಹೊಟ್ಟೆಕಿಚ್ಚಿಗೆ ಒಡಹುಟ್ಟಿದವನ ಮನೆಗೇ ಬೆಂಕಿ ಇಟ್ಟೆಯಲ್ಲ" ಎಂದಳು. ಅತ್ತಿಗೆಯ ಬಾಯಿಗೆ ಆ ಮಾತು ಹಾಕಿಕೊಟ್ಟವನು ನೀನೆಂದು ಗೊತ್ತು. ಹಿರಿಯ ಟೇಲರು ಮಾತ್ರ ನಡೆದುಕೊಂಡೇ ನನ್ನ ಮನೆಯವರೆಗೆ ಬಂದು, ಹೊಸಿಲ ಹೊರಗೇ ನಿಂತು, "ತಪ್ಪು ನಿಮ್ಮ ಮನೇದು ತಾಯಿ, ಒಲೆ ಆರಿದ್ದು ನಮ್ಮನೇಲಿ" ಎಂದು ಹೇಳಿ ಹೋದರು. ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಇತ್ತ ನನ್ನ ಕೇಂದ್ರದವರು ನನಗೆ ಪ್ರಶಂಸಾ ಪತ್ರ ಕೊಟ್ಟರು. ಕರ್ತವ್ಯನಿಷ್ಠೆಗಾಗಿ. ಸ್ವಂತ ರಕ್ತವೆಂದೂ ನೋಡದ ಧೈರ್ಯಕ್ಕಾಗಿ. ಚಪ್ಪಾಳೆ ತಟ್ಟಿದರು. ಅದು ನನ್ನ ಅಡುಗೆಮನೆಯ ಚಮಚದ ಡ್ರಾಯರಿನ ತಳದಲ್ಲಿದೆ, ತುಕ್ಕಿನ ಕಲೆ ಮರಕ್ಕೆ ಹತ್ತದಿರಲೆಂದು ಹಾಸಿದ್ದೇನೆ.

ಇನ್ನು ನಿನಗೆ ಗೊತ್ತಿಲ್ಲದ ಮಾತು.

ಚಿಕ್ಕಮ್ಮನಿಗೆ ಜ್ವರ ಬರುವ ಹತ್ತೊಂಬತ್ತು ದಿನ ಮೊದಲು ನಾನು ಅವಳ ಮನೆಗೆ ಹೋಗಿದ್ದೆ. ಹೊಸ ಡಬ್ಬಿಯಿಂದ ಒಂದು ಮಾಸ್ಕ್ ತೆಗೆದು, "ಈಗಿಂದು ಎಷ್ಟು ಹಗುರ ನೋಡೇ, ಕಟ್ಟಿದ್ದೇ ಗೊತ್ತಾಗಲ್ಲ" ಎಂದು ನನ್ನ ಮುಖಕ್ಕೆ ತಾನೇ ಕಟ್ಟಿದಳು. ಉಸಿರೆಳೆದೆ. ಸರಾಗವಾಗಿ ಬಂತು. ಬರಬೇಕಾದ್ದಕ್ಕಿಂತ ಸರಾಗವಾಗಿ. ಅಂಚನ್ನು ಬೆರಳಲ್ಲಿ ಹೊಸಕಿ ನೋಡಿದೆ. ಅಣ್ಣಾ, ಇಪ್ಪತ್ತು ವರ್ಷದಿಂದ ಬಟ್ಟೆ ಮುಟ್ಟಿಯೇ ಅನ್ನ ತಿನ್ನುವವಳು ನಾನು. ಕಣ್ಣು ಮುಚ್ಚಿಕೊಂಡು ಅಂಗುಲಕ್ಕೆ ಎಷ್ಟು ಎಳೆ ಎಂದು ಹೇಳುತ್ತೇನೆ. ನನ್ನ ಬೆರಳಿಗೆ ಆ ಕ್ಷಣವೇ ಗೊತ್ತಾಯಿತು.

ಕೈಚೀಲದಲ್ಲಿ ಕತ್ತರಿ ಇತ್ತು. ಮೂರು ಹೊಲಿಗೆ ಕತ್ತರಿಸಿದರೆ ಸಾಕಿತ್ತು. ನಾನು ಕತ್ತರಿಸಲಿಲ್ಲ. ಯಾವುದೋ ಹೊಸ ತರಹದ ಬಿಳಿ ಬಟ್ಟೆ ಹಾಕಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ನಿನಗೆ ಫೋನು ಮಾಡಿದೆ. ನೀನು ಖುಷಿಯಲ್ಲಿದ್ದೆ. ಆ ಊರಿಂದ ಕೇಳ್ತಿದಾರೆ, ಈ ಊರಿಂದ ಕೇಳ್ತಿದಾರೆ, ಎಂದು ಉಸಿರು ಬಿಡದೆ ಹೇಳಿದೆ. "ಬಟ್ಟೆ ಎಲ್ಲಾ ಅದೇ ತಾನೆ?" ಎಂದು ನಾನು ಕೇಳಿದೆ. "ಅದೇ ಕಣೇ, ಮತ್ತೇನು" ಎಂದೆ ನೀನು. ಪದರ ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನೀನು ಸುಳ್ಳು ಹೇಳಬೇಕಾಗುತ್ತಿತ್ತು, ಅಥವಾ ನಿಜ ಹೇಳಬೇಕಾಗುತ್ತಿತ್ತು. ಎರಡೂ ನನಗೆ ಬೇಡವಾಗಿತ್ತು. ಆ ವಾರವಷ್ಟೇ ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿತ್ತು, ದಾಳಿಂಬೆ ಸಿಪ್ಪೆ ಹಿಡಿದುಕೊಂಡು ನಗುತ್ತಿರುವುದು. ನಮ್ಮ ಕೇಂದ್ರದ ಮುಖ್ಯಸ್ಥರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಜೀವಮಾನದಲ್ಲಿ ಮೊದಲ ಸಲ ಜನ ನನ್ನನ್ನು ಹೆಸರು ಹಿಡಿದು ಗುರುತಿಸುತ್ತಿದ್ದರು. ಆ ರುಚಿ ನನಗೂ ಹತ್ತಿತ್ತು.

ಹತ್ತೊಂಬತ್ತು ದಿನ. ಅಷ್ಟೂ ದಿನ ಅವಳು ಅದನ್ನು ಕಟ್ಟಿಕೊಂಡು ಮಂಚದಿಂದ ಮಂಚಕ್ಕೆ ಓಡಾಡಿದಳು.

ಆದ್ದರಿಂದ ನಾನು ತಪಾಸಣೆಯವರಿಗೆ ಬರೆದ ಕಾಗದವನ್ನು ಧೈರ್ಯವೆಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅದನ್ನು ಬರೆದದ್ದು ಅರ್ಧ ನ್ಯಾಯಕ್ಕೆ, ಇನ್ನರ್ಧ ನಿನ್ನನ್ನು ಮುಂದೆ ತಳ್ಳಿ ನಿನ್ನ ಹಿಂದೆ ನಾನು ಅಡಗಿಕೊಳ್ಳುವುದಕ್ಕೆ. ಆ ಕಾಗದದಲ್ಲಿ ಹತ್ತೊಂಬತ್ತು ದಿನದ ಮಾತು ಎಲ್ಲೂ ಇಲ್ಲ. ನೀನು ಒಂದು ಬಿಲ ಹುಡುಕಿಕೊಂಡೆ, ನಾನು ಇನ್ನೊಂದು. ನನ್ನದರ ಬಾಗಿಲಿಗೆ ಪ್ರಶಂಸಾ ಪತ್ರ ತೂಗುಹಾಕಿತ್ತು, ವ್ಯತ್ಯಾಸ ಅಷ್ಟೆ.

ಇದನ್ನು ಮೊದಲು ಹೇಳಿದ್ದು ಗುಂಡಕ್ಕನಿಗೆ, ಎರಡು ತಿಂಗಳ ಹಿಂದೆ. ಹೊಸ ಡಬ್ಬಿಯದನ್ನೇ ಕಟ್ಟುತ್ತಿದ್ದ ಅವಳೂ ಆಗ ಮಲಗಿದ್ದಳಲ್ಲ, ಬದುಕಿ ಬಂದಳು, ಆದರೆ ಶ್ವಾಸಕೋಶ ಅರ್ಧ ಹೋಯಿತು. ನಿನಗೆ ಈಗ ಸಿಕ್ಕರೆ ಗುರುತು ಸಿಗುವುದಿಲ್ಲ. ಆ ಗುಂಡು ಮೈ ಇಳಿದು ಹಂಚಿಕಡ್ಡಿಯಾಗಿದ್ದಾಳೆ, ಹೆಸರು ಮಾತ್ರ ಗುಂಡಕ್ಕನೇ. ಮೂರನೆಯ ಮಹಡಿ. ಕೆಳಗಿನ ನಲ್ಲಿಯಿಂದ ನೀರು ಹೊರಬೇಕು. ಒಂದು ಮಹಡಿ ಹತ್ತಿ ಹತ್ತು ನಿಮಿಷ ಕೂರುತ್ತಾಳಂತೆ. ನಾನು ಅವಳ ಎದುರು ಕೂತು, ಮೂರು ಪದರ, ಎರಡು ಪದರ, ನಿನ್ನದು, ನನ್ನದು, ಎಲ್ಲವನ್ನೂ ಹೇಳಿದೆ. ಅಳಬಾರದೆಂದುಕೊಂಡು ಹೋಗಿದ್ದೆ. ಅತ್ತೆ.

ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಎದೆ ಏರಿಳಿಯುವುದು ಕಾಣುತ್ತಿತ್ತು. "ಇದನ್ನ ಈಗ ನಂಗೆ ಯಾಕೆ ಹೇಳ್ದೆ? ನಿನ್ನ ಎದೆ ಹಗುರ ಆಗ್ಲಿ ಅಂತಾನಾ?" ಎಂದಳು. "ನಿನ್ನೆದೆ ಹಗುರ ಆದ್ರೆ ನನ್ನೆದೆ ಸರಿಯಾಗುತ್ತಾ?" ಎಂದಳು. ಎದ್ದು ಹೊರಡಲು ಹೋದೆ. ಬಾಗಿಲಿಗೆ ಬಂದಾಗ ಹಿಂದಿನಿಂದ, "ಎಲ್ಲಿಗೆ ಹೊರಟೆ? ಆ ಎರಡು ಕೊಡ ಖಾಲಿ ಇವೆ, ಕಾಣಲ್ವಾ?" ಎಂದಳು.

ಆವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೋಗುತ್ತೇನೆ. ನೀರು ತುಂಬುತ್ತೇನೆ, ನೆಲ ಒರೆಸುತ್ತೇನೆ, ಅವಳ ಹಾಸಿಗೆಯ ಬಟ್ಟೆ ಒಗೆದು ಹಿಂಡುತ್ತೇನೆ. ಸರಿಯಾಗಿ ಹಿಂಡಲಿಲ್ಲವೆಂದು ಬೈಯುತ್ತಾಳೆ. ಒಂದು ದಿನವೂ ಒಳ್ಳೆಯ ಮಾತಾಡಿಲ್ಲ. ಒಂದು ದಿನವೂ ಬರಬೇಡವೆಂದೂ ಹೇಳಿಲ್ಲ.

ನಿನ್ನ ಫಾರಂ ಈ ಕಾಗದದ ಜೊತೆಗೇ ಇದೆ. ಸಹಿ ಇಲ್ಲ. ನೀನು ಪೆನ್ಸಿಲ್ಲಿನಲ್ಲಿ ಹಾಕಿದ ಗುರುತನ್ನೂ ಅಳಿಸಿದ್ದೇನೆ. ಗಿರಣಿಯ ದೂಳಿಗೆ ಸಿಪ್ಪೆಯ ಕಷಾಯ ಏನೂ ಮಾಡುವುದಿಲ್ಲ. ಬಟ್ಟೆ ನಾರದಂತೆ, ಕೆನ್ನೆ ಕೆರೆಯದಂತೆ ನೋಡಿಕೊಂಡೀತು, ಅದೂ ಒಳ್ಳೆಯದೇ, ಅದನ್ನೇ ಬರೆ. ದೂಳು ತಡೆಯುವುದು ನಡುವಿನ ಪದರ, ಮತ್ತು ಮೂಗಿನ ಪಕ್ಕ ಸಂದಿಲ್ಲದಂತೆ ಕೂರುವ ಹೊಲಿಗೆ. ಇಪ್ಪತ್ತು ಒಗೆತ ಆದಮೇಲೆ ಬಿಸಾಡಿ ಎಂದು ದಪ್ಪ ಅಕ್ಷರದಲ್ಲಿ ಹಾಕಿಸು. ಹಿಟ್ಟಿನ ದೂಳು ಎದೆಗೆ ಹೋದವನು ಒಂದು ವಾರದಲ್ಲಿ ಬೀಳುವುದಿಲ್ಲ, ಹತ್ತು ವರ್ಷ ಕೆಮ್ಮುತ್ತಾನೆ. ಆಗ ಎಲ್ಲಿಂದ ಬಂತು ಎಂದು ಕೇಳುವವರೂ ಇರುವುದಿಲ್ಲ. ನಿನಗೆ ಆ ಅನುಕೂಲ ಸಿಗಬಾರದೆಂದು ಒಂದು ಕೆಲಸ ಮಾಡಿದ್ದೇನೆ. ನಮ್ಮ ಕೇಂದ್ರದಲ್ಲಿ ಹೇಳಿಟ್ಟಿದ್ದೇನೆ, ನಿನ್ನ ಬಟ್ಟೆ ಪರೀಕ್ಷೆಗೆ ಬಂದರೆ ನಾನು ಮುಟ್ಟುವುದಿಲ್ಲ, ಬೇರೆಯವರು ನೋಡಲಿ, ಆದರೆ ನೀನು ತಂದುಕೊಟ್ಟ ತುಂಡನ್ನಲ್ಲ, ಅಂಗಡಿಯಿಂದ ಕೊಂಡು ತಂದದ್ದನ್ನು. ಹೊಟ್ಟೆಕಿಚ್ಚು ಎಂದು ಅತ್ತಿಗೆ ಮತ್ತೆ ಹೇಳಿದರೆ ಹೇಳಲಿ.

ನನ್ನನ್ನು ನೋಡಬೇಕೆನಿಸಿದರೆ ನನ್ನ ಮನೆಗೆ ಬರಬೇಡ. ಅಲ್ಲಿ ಕೂತು ನಾವಿಬ್ಬರೂ ಆಡುವ ಮಾತು ಯಾವುದೂ ಉಳಿದಿಲ್ಲ. ಭಾನುವಾರ ಬೆಳಿಗ್ಗೆ ಗುಂಡಕ್ಕನ ಮನೆಗೆ ಬಾ. ಹಣ್ಣು ಹಂಪಲು ಹೊತ್ತುಕೊಂಡು ಬರಬೇಡ, ಬರಿಗೈಯಲ್ಲಿ ಬಾ, ನೀರು ಹೊರಲು ಕೈ ಖಾಲಿ ಇರಬೇಕು. ಅವಳು ಕ್ಷಮಿಸುತ್ತಾಳೆಂದು ತಿಳಿಯಬೇಡ. ನನ್ನನ್ನೂ ಕ್ಷಮಿಸಿಲ್ಲ. ಕೆಲಸ ಹೇಳುತ್ತಾಳೆ, ಅಷ್ಟೆ. ಬರದಿದ್ದರೆ, ಬರಲಿಲ್ಲ ಎಂದುಕೊಳ್ಳುತ್ತೇನೆ.

ನಿನ್ನ ಮಗಳಿಗೆ ಈ ಅತ್ತೆಯ ಹಾರೈಕೆ ಹೇಳು. ಅವಳು ಓದಿನಲ್ಲಿ ಮುಂದಿದ್ದಾಳೆಂದು ಕೇಳಿದ್ದೇನೆ, ಸಂತೋಷ. ನಿನಗೂ ಏನಾದರೂ ಹಾರೈಸಬೇಕೆಂದು ಪೆನ್ನು ಹಿಡಿದು ತುಂಬ ಹೊತ್ತು ಕೂತೆ. ನಿನಗೆ ದೀರ್ಘಾಯುಸ್ಸಾಗಲಿ, ಅಣ್ಣಾ. ಬಾಯುಪಚಾರಕ್ಕೆ ಹೇಳುತ್ತಿಲ್ಲ. ಅವಳನ್ನು ಚಿಕ್ಕಮ್ಮ ಎಂದು ಕರೆದು ನೆನೆಯಲು ನಮ್ಮಿಬ್ಬರನ್ನು ಬಿಟ್ಟರೆ ಈ ಭೂಮಿಯ ಮೇಲೆ ಯಾರೂ ಇಲ್ಲ.

ನಿನ್ನ ಬೆನ್ನಿಗೆ ಬಿದ್ದು ಹುಟ್ಟಿದವಳು